ಮರಿಗಳಿಗೆ ಕತ್ತಲೆ ಗೊತ್ತಿರಲಿಲ್ಲ

ಗೂಡಿನೊಳಗೆ ನೇತುಹಾಕಿದ್ದ ಥರ್ಮಾಮೀಟರ್ 22 ಡಿಗ್ರಿ ತೋರಿಸುತ್ತಿತ್ತು. ಗಾಳಿ ಇರಲಿಲ್ಲ. ಮಳೆಯ ಸುಳಿವೂ ಇರಲಿಲ್ಲ. ಕೋಳಿಮರಿಗಳಿಗೆ ಏಳನೇ ವಾರ ನಡೆಯುತ್ತಿತ್ತು, ಮೈತುಂಬ ಪುಕ್ಕ ಬಂದಿತ್ತು. ಕತ್ತಿನ ಕೆಳಗಿನ ಕಾಳಿನ ಚೀಲ ಮುಟ್ಟಿ ನೋಡಿದ್ದೆ, ಎಂಟಕ್ಕೆ ಎಂಟರದ್ದೂ ತುಂಬಿ ಉಬ್ಬಿತ್ತು. ನನ್ನ ಲೆಕ್ಕದ ಪ್ರಕಾರ ಎಲ್ಲವೂ ಸರಿಯಾಗಿತ್ತು. ಆದರೂ ಎಂಟೂ ಮರಿಗಳು ಯಾರೋ ಕತ್ತು ಹಿಸುಕುತ್ತಿದ್ದಾರೇನೋ ಅನ್ನುವ ಹಾಗೆ ಅರಚುತ್ತಿದ್ದವು.

ಟಾರ್ಚ್ ಹಿಡಿದು ಗೂಡಿನ ಬಾಗಿಲು ತೆಗೆದೆ. ಅರಚಾಟ ಅಲ್ಲಿಗೇ ನಿಂತಿತು. ಮೂಲೆಯಲ್ಲಿ ಒಂದರ ಮೇಲೊಂದು ಹತ್ತಿ ಗುಡ್ಡೆಯಾಗಿದ್ದ ಮರಿಗಳು ಬಿಡಿಸಿಕೊಂಡು ಓಡಿ ಬಂದವು. ನನ್ನ ಹತ್ತಿರಕ್ಕಲ್ಲ. ಟಾರ್ಚಿನ ಬೆಳಕು ನೆಲದ ಮೇಲೆ ದುಂಡಗೆ ಬಿದ್ದಿತ್ತಲ್ಲ, ಸರಿಯಾಗಿ ಅದರೊಳಗೆ ಬಂದು ಕೂತವು. ಹೊಟ್ಟೆ ನೆಲಕ್ಕೆ ಒತ್ತಿ, ರೆಕ್ಕೆ ಸ್ವಲ್ಪ ಸಡಿಲ ಬಿಟ್ಟು, ಬಿಸಿಗೆ ಮೈಯೊಡ್ಡುವ ಹಾಗೆ. ಟಾರ್ಚಿನಲ್ಲಿ ಬಿಸಿ ಎಲ್ಲಿಂದ ಬರಬೇಕು? ಆದರೆ ಅವು ಆ ಬೆಳಕಿನಲ್ಲಿ ಕಣ್ಣು ಮುಚ್ಚಿದವು.

ನಾನು ಬೆಳಕು ಆರಿಸಿದೆ. ಮತ್ತೆ ಅರಚಾಟ. ಹಚ್ಚಿದೆ. ನಿಂತಿತು. ಹೀಗೆ ಮೂರು ಸಲ ಮಾಡಿ ನೋಡಿದ ಮೇಲೆ ನನ್ನ ತಲೆಗೆ ಹೋಯಿತು. ಇವಕ್ಕೆ ಚಳಿಯಾಗಿಲ್ಲ, ಹಸಿವಾಗಿಲ್ಲ. ಮೊಟ್ಟೆಯಿಂದ ಹೊರಗೆ ಬಂದ ದಿನದಿಂದ ಇವು ಕತ್ತಲೆಯನ್ನೇ ನೋಡಿಲ್ಲ.

ಸ್ವಲ್ಪ ಹಿಂದಕ್ಕೆ ಹೋಗಿ ಹೇಳುತ್ತೇನೆ.

ಇವು ಬ್ಯಾಂಟಮ್ ಮರಿಗಳು. ಗಿಡ್ಡ ತಳಿಯ ಕೋಳಿಗಳು. ಜಾವಾ ದ್ವೀಪದ ಬಾಂಟೆನ್ ಎಂಬ ಬಂದರಿನಿಂದ ಈ ಹೆಸರು ಬಂತು. ಅಲ್ಲಿಗೆ ಹೋಗುತ್ತಿದ್ದ ಯುರೋಪಿನ ನಾವಿಕರು ಅಲ್ಲಿನ ಪುಟ್ಟ ಕೋಳಿಗಳನ್ನು ಕಂಡು ಇಟ್ಟ ಹೆಸರು ಆಮೇಲೆ ಎಲ್ಲ ಪುಟ್ಟ ಕೋಳಿಗಳಿಗೂ ಅಂಟಿಕೊಂಡಿತು. ಕೆಲವು ಬ್ಯಾಂಟಮ್‌ಗಳು ದೊಡ್ಡ ತಳಿಗಳ ಚಿಕ್ಕ ರೂಪ. ಇನ್ನು ಕೆಲವಕ್ಕೆ ದೊಡ್ಡ ರೂಪವೇ ಇಲ್ಲ. ಇಂಗ್ಲೆಂಡಿನ ಜಾನ್ ಸೀಬ್ರೈಟ್ 19ನೇ ಶತಮಾನದ ಮೊದಲ ಭಾಗದಲ್ಲಿ ಬೆಳೆಸಿದ ತಳಿ ಅಂಥದ್ದು. ಒಂದೊಂದು ಪುಕ್ಕಕ್ಕೂ ಕಪ್ಪು ಅಂಚು ಕಟ್ಟಿದ ಹಾಗಿರುವ, ನೋಡಲಿಕ್ಕೆಂದೇ ಮಾಡಿದ ಕೋಳಿ. ಮಲೇಷ್ಯಾದ ಸೆರಾಮಾ ಅಂತೂ ಅರ್ಧ ಕಿಲೋ ಕೂಡ ತೂಗುವುದಿಲ್ಲ. ನಮ್ಮ ಮನೆಯವು ಯಾವ ತಳಿ ಅಂತ ಕೇಳಬೇಡಿ. ಕಾಲಿಗೆ ಪುಕ್ಕ ಇರುವವು ಮೂರು, ಇಲ್ಲದವು ಐದು. ಅಷ್ಟು ಮಾತ್ರ ಗೊತ್ತು.

ಮನುಷ್ಯ ಈ ಹಕ್ಕಿಯ ಗಾತ್ರ ಕಡಿಮೆ ಮಾಡಿದ. ಮೈಬಿಸಿಯನ್ನು ಕಡಿಮೆ ಮಾಡಲು ಆಗಲಿಲ್ಲ. ದೊಡ್ಡ ಕೋಳಿಯ ಮೈ 41 ಡಿಗ್ರಿ ಆಸುಪಾಸು ಇರಬೇಕು. ಅದರ ಕಾಲು ಭಾಗ ತೂಗುವ ಬ್ಯಾಂಟಮ್‌ನ ಮೈಯೂ ಅಷ್ಟೇ ಇರಬೇಕು. ಲೋಟದ ನೀರು ಹಂಡೆಯ ನೀರಿಗಿಂತ ಬೇಗ ಆರುತ್ತದೆ, ಅಲ್ವಾ? ಹಾಗೇ ಇದೂ. ಅದಕ್ಕೇ ದೊಡ್ಡ ತಳಿಯ ಮರಿಗಳನ್ನು ಆರು ವಾರಕ್ಕೆ ಗೂಡಿಗೆ ಬಿಟ್ಟರೆ, ಬ್ಯಾಂಟಮ್ ಮರಿಗಳಿಗೆ ಇನ್ನೂ ಒಂದೆರಡು ವಾರ ಜಾಸ್ತಿ ಕೊಡುವುದು ವಾಡಿಕೆ. ನನ್ನ ತಲೆಯಲ್ಲಿ ಇದೊಂದೇ ಕೂತುಬಿಟ್ಟಿತ್ತು. ಬಿಸಿ, ಬಿಸಿ, ಬಿಸಿ.

ಬ್ರೂಡರ್, ಅಂದರೆ ತಾಯಿಯಿಲ್ಲದ ಮರಿಗಳನ್ನು ಬಿಸಿಯಲ್ಲಿ ಇಟ್ಟು ಬೆಳೆಸುವ ಜಾಗ, ನಮ್ಮಲ್ಲಿ ದೊಡ್ಡದೊಂದು ರಟ್ಟಿನ ಪೆಟ್ಟಿಗೆ. ಸಾಮಾನು ತುಂಬುವ ಕೋಣೆಯಲ್ಲಿ ಜಾಗ ಮಾಡಿ ಇಟ್ಟಿದ್ದೆ. ತಳಕ್ಕೆ ಮರದ ಹೊಟ್ಟು. ಬರೀ ಪೇಪರ್ ಹಾಸಬಾರದು. ಎಳೆ ಕಾಲು ಜಾರಿ ಜಾರಿ ಎರಡು ಕಡೆಗೆ ಅಗಲಿ ಹಾಗೇ ನಿಂತುಬಿಡುತ್ತವೆ. ಮೇಲಿನಿಂದ 250 ವಾಟ್‌ನ ಕೆಂಪು ಕಾವುದೀಪ. ಅದನ್ನು ಸರಪಳಿಯಲ್ಲಿ ತೂಗುಹಾಕಿ, ಇನ್ನೊಂದು ತಂತಿಯಿಂದ ಬೇರೆ ಕಡೆ ಕಟ್ಟಿದ್ದೆ. ಒಣ ಹೊಟ್ಟಿನ ಮೇಲೆ ಆ ದೀಪ ಬಿದ್ದರೆ ಮನೆಯೇ ಉರಿದು ಹೋಗಬಹುದು. ಈ ವಿಷಯದಲ್ಲಿ ನಾನು ಅಂಜುಬುರುಕಿ, ಅದಕ್ಕೆ ನಾಚಿಕೆಯೂ ಇಲ್ಲ.

ಮೊದಲ ವಾರ ದೀಪದ ಕೆಳಗೆ 35 ಡಿಗ್ರಿ. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತ ಹೋಗಬೇಕು. ದೀಪವನ್ನು ಸರಪಳಿಯ ಒಂದೊಂದು ಕೊಂಡಿ ಮೇಲಕ್ಕೆ ಏರಿಸಿದರೆ ಬಿಸಿ ಇಳಿಯುತ್ತದೆ. ನಾನು ಇದಕ್ಕಾಗಿ ಒಂದು ನೋಟ್‌ಬುಕ್ ಇಟ್ಟೆ. ಬೆಳಿಗ್ಗೆ ಎಷ್ಟು, ಮಧ್ಯಾಹ್ನ ಎಷ್ಟು, ರಾತ್ರಿ ಎಷ್ಟು. ಈಗ ಅದನ್ನು ತೆರೆದು ನೋಡಿದರೆ ನಗು ಬರುತ್ತದೆ. 28.5 ಅಂತೆಲ್ಲ ಬರೆದಿದ್ದೇನೆ! ನಿಜ ಹೇಳಬೇಕೆಂದರೆ ಥರ್ಮಾಮೀಟರಿಗಿಂತ ಮರಿಗಳೇ ಚೆನ್ನಾಗಿ ಹೇಳುತ್ತವೆ. ದೀಪದ ಕೆಳಗೆ ಮುದ್ದೆಯಾದರೆ ಚಳಿ. ಪೆಟ್ಟಿಗೆಯ ಅಂಚಿಗೆ ಹೋಗಿ ಬಾಯಿ ತೆರೆದು ನಿಂತರೆ ಸೆಖೆ. ಅಲ್ಲೊಂದು ಇಲ್ಲೊಂದು ಚೆದುರಿ ಮಲಗಿದ್ದರೆ ಸರಿಯಾಗಿದೆ ಅಂತ.

ಮರಿಗಳು ಚೆಂದ ಇರುವುದು ಒಂದೇ ವಾರ. ಆಮೇಲೆ ತುಪ್ಪಳ ಉದುರುತ್ತ, ಪುಕ್ಕ ಮೂಡುತ್ತ, ಎರಡೂ ಅಲ್ಲದ ಒಂದು ಅವತಾರಕ್ಕೆ ಬರುತ್ತವೆ. ಮೊದಲು ರೆಕ್ಕೆಯಲ್ಲಿ ಪುಕ್ಕ. ಆಮೇಲೆ ಬಾಲ. ಆಮೇಲೆ ಬೆನ್ನು, ಎದೆ. ತಲೆ ಮಾತ್ರ ಕೊನೆಯವರೆಗೆ ಮೃದು ತುಪ್ಪಳದ್ದೇ. ನಾಲ್ಕನೇ ವಾರದಲ್ಲಿ ನನ್ನ ಮಗಳು ಪೆಟ್ಟಿಗೆಯೊಳಗೆ ಇಣುಕಿ, "ಅಮ್ಮಾ, ಇವು ಹಾಳಾಗಿಬಿಟ್ಟಿವೆ" ಅಂದಳು. ಜೊತೆಗೆ ಧೂಳು. ಪುಕ್ಕ ಬೆಳೆಯುವಾಗ ಅದರ ಸುತ್ತ ಇರುವ ಪೊರೆ ಪುಡಿಪುಡಿಯಾಗಿ ಉದುರುತ್ತದೆ. ಕೋಣೆಯ ಪ್ರತಿಯೊಂದು ವಸ್ತುವಿನ ಮೇಲೂ ಬಿಳಿ ಪುಡಿ. ಇನ್ನೊಂದು ತಾಪತ್ರಯ ಏನೆಂದರೆ ಬ್ಯಾಂಟಮ್‌ಗಳು ಹಾರುತ್ತವೆ. ದೊಡ್ಡ ಕೋಳಿಗಳ ಹಾಗೆ ನೆಪಕ್ಕೆ ರೆಕ್ಕೆ ಬಡಿಯುವುದಲ್ಲ, ನಿಜವಾಗಿ ಹಾರುತ್ತವೆ. ಮೂರನೇ ವಾರವೇ ಒಂದು ಮರಿ ಪೆಟ್ಟಿಗೆಯ ಅಂಚಿನ ಮೇಲೆ ಕೂತು ಕೋಣೆಯನ್ನು ಪರಿಶೀಲಿಸುತ್ತಿತ್ತು. ಅವತ್ತೇ ಮೇಲೆ ಜಾಲರಿ ಮುಚ್ಚಿದೆ.

ಐದನೇ ವಾರದಿಂದ ಹಗಲು ಹೊತ್ತು ದೀಪ ಆರಿಸತೊಡಗಿದೆ. ಗೂಡಿಗೆ ಕಳಿಸುವ ಮುಂಚೆ ಒಂದು ವಾರವಾದರೂ ದೀಪವಿಲ್ಲದೆ ಇರಿಸಬೇಕು ಅಂತ ಗೊತ್ತಿತ್ತು. ಹಗಲು ಆರಿಸಿದೆ. ರಾತ್ರಿ ಮಾತ್ರ ಬಿಟ್ಟೆ. ಯಾಕೆ? ಪಾಪ ಅಂತ. ಕೋಣೆಯಲ್ಲಿ ರಾತ್ರಿಯೂ 21, 22 ಡಿಗ್ರಿಯೇ ಇರುತ್ತಿತ್ತು. ನೋಟ್‌ಬುಕ್‌ನಲ್ಲಿ ನಾನೇ ಬರೆದಿದ್ದೇನೆ. ಆ ದೀಪದಿಂದ ಮರಿಗಳಿಗೆ ಉಪಯೋಗ ಇರಲಿಲ್ಲ, ನನಗಿತ್ತು. ಮಲಗುವ ಮುಂಚೆ ಬಾಗಿಲು ಸರಿಸಿ ನೋಡಿದರೆ ಕೆಂಪು ಬೆಳಕಿನಲ್ಲಿ ಎಂಟು ಮರಿಗಳು ಕಾಲು ಚಾಚಿ ಮಲಗಿರುತ್ತಿದ್ದವು. ಅದನ್ನು ನೋಡಿದರೆ ನನಗೆ ನಿದ್ದೆ ಬರುತ್ತಿತ್ತು. ಕೆಂಪು ಬೆಳಕಾದರೆ ಮರಿಗಳು ಒಂದನ್ನೊಂದು ಕುಕ್ಕುವುದು ಕಡಿಮೆ, ನೆಮ್ಮದಿಯಾಗಿ ಮಲಗುತ್ತವೆ ಅಂತ ಬೇರೆ ಓದಿದ್ದೆ. ಇರಬಹುದು. ಆದರೆ ಕೆಂಪಾದರೂ ಅದು ಬೆಳಕೇ.

ಗೂಡಿನ ವಿಷಯದಲ್ಲೂ ದೊಡ್ಡ ಕೋಳಿಯ ಅಳತೆಯಲ್ಲೇ ಯೋಚಿಸಿದ್ದೆ. ಗೂಡು ಹಳೆಯದು, ಅದರಲ್ಲಿ ಮೂರು ದೊಡ್ಡ ಹೇಂಟೆಗಳು ಮೊದಲೇ ಇದ್ದವು. ಗಾಳಿಗಿಂಡಿಯ ಸಂದಿಗಳಲ್ಲಿ ಅವು ತೂರುತ್ತಿರಲಿಲ್ಲ. ಬ್ಯಾಂಟಮ್ ಮರಿ ಅದರಲ್ಲಿ ನಡೆದೇ ಆಚೆ ಹೋಗಬಹುದಿತ್ತು. ಮರಿ ಆಚೆ ಹೋಗುವುದಕ್ಕಿಂತ ಇಲಿ ಒಳಗೆ ಬರುವುದು ದೊಡ್ಡ ಭಯ. ಷಡ್ಭುಜದ ಕಣ್ಣಿನ ಸಾಮಾನ್ಯ ಕೋಳಿಜಾಲರಿ ಇದೆಯಲ್ಲ, ಅದು ಕೋಳಿಯನ್ನು ಒಳಗೆ ಇಡುತ್ತದೆ ಅಷ್ಟೇ, ಬೇರೆಯವರನ್ನು ಹೊರಗೆ ಇಡುವುದಿಲ್ಲ. 12 ಮಿಲಿಮೀಟರ್ ಕಣ್ಣಿನ ಬೆಸುಗೆ ಜಾಲರಿ ತಂದು ಎಲ್ಲ ಸಂದಿಗೂ ಬಡಿದೆವು. ತೋಡಿಕೊಂಡು ಬರುವ ಪ್ರಾಣಿಗೆ ತಡೆಯಾಗಲಿ ಅಂತ ಬುಡದಲ್ಲಿ ಒಂದಡಿ ಅಗಲದ ಜಾಲರಿಯನ್ನು ನೆಲಕ್ಕೆ ಹಾಸಿ ಮಣ್ಣು ಮುಚ್ಚಿದೆವು. ಗೂಡಿನ ನಡುವೆಯೂ ಜಾಲರಿ ಕಟ್ಟಿ ಎರಡು ಭಾಗ ಮಾಡಿದೆವು. ಒಂದು ಕಡೆ ದೊಡ್ಡವು, ಇನ್ನೊಂದು ಕಡೆ ಮರಿಗಳು. ಮರಿಗಳ ಕಡೆ ನೆಲದಿಂದ ಒಂದಡಿ ಎತ್ತರಕ್ಕೆ ಒಂದು ಅಡ್ಡಗೋಲು. ಎರಡು ದಿನದ ಕೆಲಸ. ಇದರಲ್ಲಿ ಏನೂ ತಪ್ಪಾಗಲಿಲ್ಲ, ಹಾಗಾಗಿ ಹೆಚ್ಚು ಹೇಳುವುದೂ ಇಲ್ಲ.

ಸಾಗಿಸುವ ದಿನ ಬೆಳಿಗ್ಗೆ ಶುರು ಮಾಡಿದೆವು. ರಾತ್ರಿ ಸಾಗಿಸಿದರೆ ಮರಿಗಳು ಗಲಾಟೆ ಮಾಡುವುದಿಲ್ಲ ಅನ್ನುವವರಿದ್ದಾರೆ. ಹಳೆಯ ಕೋಳಿಗಳ ಜೊತೆ ನೇರವಾಗಿ ಸೇರಿಸುವುದಾದರೆ ಅದು ಸರಿ. ಹೊಸ ಜಾಗಕ್ಕೆ ಮೊದಲ ಸಲ ಹೋಗುವಾಗ ಮಾತ್ರ ಹಗಲೇ ವಾಸಿ ಅಂತ ನನಗೆ ಈಗಲೂ ಅನ್ನಿಸುತ್ತದೆ. ನೀರು ಎಲ್ಲಿದೆ, ಮೇವು ಎಲ್ಲಿದೆ, ಬಾಗಿಲು ಎಲ್ಲಿದೆ ಅಂತ ನೋಡಲು ಒಂದಿಡೀ ದಿನ ಸಿಗುತ್ತದೆ.

ಹಿಡಿಯುವಾಗ ಮೇಲಿನಿಂದ ಕೈ ಹಾಕಬಾರದು. ಮೇಲಿನಿಂದ ಬರುವ ಎಲ್ಲವೂ ಅವಕ್ಕೆ ಗಿಡುಗವೇ. ಪೆಟ್ಟಿಗೆಯ ಒಂದು ಬದಿ ಕತ್ತರಿಸಿ, ಅಲ್ಲಿಂದ ನೆಲದ ಮಟ್ಟದಲ್ಲಿ ಕೈ ಸರಿಸಿ, ಎದೆಯ ಕೆಳಗೆ ಅಂಗೈ ಕೊಟ್ಟು ಎತ್ತಿದೆ. ಇನ್ನೊಂದು ಕೈಯಿಂದ ರೆಕ್ಕೆ ಒತ್ತಿ ಹಿಡಿದರೆ ಸುಮ್ಮನಿರುತ್ತವೆ. ಕೊನೆಯದನ್ನು ಮಗಳು ಹಿಡಿದುಕೊಂಡು ಬಂದಳು. ಕತ್ತಿನ ಮೇಲೆ ಬಿಳಿ ಚುಕ್ಕೆ ಇದ್ದ, ಎಲ್ಲಕ್ಕಿಂತ ಸಣ್ಣದು. ಚುಕ್ಕಿ ಅಂತಲೇ ಅದರ ಹೆಸರು. ದಾರಿಯುದ್ದಕ್ಕೂ ಅದರ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಏನು ಅಂತ ಕೇಳಿದರೆ, "ನಿಮಗೆ ಹೇಳುವ ಹಾಗಿಲ್ಲ" ಅಂದಳು.

ಅವತ್ತಿನ ಹಗಲು ನೋಡಬೇಕಿತ್ತು. ಮರಿಗಳು ಬಾಗಿಲಲ್ಲೇ ಹತ್ತು ನಿಮಿಷ ನಿಂತವು. ಆಮೇಲೆ ಒಂದು ಮರಿ ಒಂದು ಕಾಲು ಮಣ್ಣಿಗೆ ಇಟ್ಟು ನೋಡಿತು. ಇನ್ನೊಂದು ಕಾಲು. ಆಮೇಲೆ ಎರಡು ಸಲ ಹಿಂದಕ್ಕೆ ಕೆದರಿ, ಬಗ್ಗಿ, ಎದ್ದ ಮಣ್ಣನ್ನು ಒಂದೇ ಕಣ್ಣಿನಿಂದ ದಿಟ್ಟಿಸಿತು. ಅರ್ಧ ಗಂಟೆಯಲ್ಲಿ ಎಲ್ಲವೂ ಕೆದರುತ್ತಿದ್ದವು. ಮಧ್ಯಾಹ್ನದ ಬಿಸಿಲಿಗೆ ಒಂದು ಮರಿ ಪಕ್ಕಕ್ಕೆ ಬಿದ್ದು ಒದ್ದಾಡತೊಡಗಿತು. ಅಯ್ಯೋ ಏನಾಯಿತು ಅಂತ ಓಡಿದರೆ, ಒಣ ಮಣ್ಣನ್ನು ರೆಕ್ಕೆಯಿಂದ ಎರಚಿಕೊಂಡು ಹೊರಳುತ್ತಿತ್ತು. ಮಣ್ಣಿನ ಸ್ನಾನ. ಯಾರು ಕಲಿಸಿದರು? ಒಂದು ಸಲ ಕಾಗೆಯೊಂದು ಮೇಲೆ ಹಾದು ಹೋಯಿತು. ನೆರಳು ನೆಲದ ಮೇಲೆ ಸರಿದದ್ದೇ ತಡ, ಎಂಟೂ ಮರಿಗಳು ಕಲ್ಲಾಗಿ ನಿಂತವು. ಅದನ್ನು ಯಾರು ಕಲಿಸಿದರು?

ನಾನು ಮೋಸ ಹೋದದ್ದು ಇಲ್ಲೇ. ಕೆದರುವುದು ಗೊತ್ತು, ಹೊರಳುವುದು ಗೊತ್ತು, ಹೆದರುವುದು ಗೊತ್ತು. ಅಂದಮೇಲೆ ಕತ್ತಲಾದರೆ ಮಲಗುವುದು ಗೊತ್ತಿರುವುದಿಲ್ಲವೇ ಅಂದುಕೊಂಡೆ.

ಸಂಜೆ ಬೆಳಕು ಇಳಿಯುತ್ತಿದ್ದ ಹಾಗೆ ದೊಡ್ಡ ಹೇಂಟೆಗಳು ಒಂದರ ಹಿಂದೊಂದು ಗೂಡು ಹತ್ತಿದವು. ಮರಿಗಳು ಹತ್ತಲಿಲ್ಲ. ಅವು ಬೇಲಿಯ ಪಡುವಣ ಬದಿಗೆ ಹೋಗಿ ಸಾಲಾಗಿ ನಿಂತವು. ಕೊನೆಯ ಬೆಳಕು ಅಲ್ಲಿತ್ತು. ಬೆಳಕು ಕಡಿಮೆಯಾದಷ್ಟೂ ಬೇಲಿಯ ಉದ್ದಕ್ಕೆ ಹಿಂದೆ ಮುಂದೆ ಓಡತೊಡಗಿದವು. ಕೋಳಿಗಳಿಗೆ ಹಗಲಲ್ಲಿ ನಮಗಿಂತ ಹೆಚ್ಚು ಬಣ್ಣ ಕಾಣಿಸುತ್ತದೆ. ಕತ್ತಲಲ್ಲಿ ಮಾತ್ರ ನಮ್ಮಷ್ಟೂ ಕಾಣಿಸುವುದಿಲ್ಲ. ಒಂದೊಂದನ್ನೇ ಹಿಡಿದು ಒಳಗೆ ಬಿಟ್ಟು ಬಾಗಿಲು ಹಾಕಿದೆ. ಮನೆ ಬಾಗಿಲು ಮುಟ್ಟುವ ಮುಂಚೆ ಅರಚಾಟ ಶುರುವಾಗಿತ್ತು. ಅಲ್ಲಿಂದಾಚೆಗಿನದು ಆಗಲೇ ಹೇಳಿದ್ದೇನೆ.

ಹೇಳದೆ ಬಿಟ್ಟದ್ದು ಒಂದಿದೆ. ಟಾರ್ಚಿನ ಬೆಳಕಿಗೆ ಓಡಿ ಬಂದವು ಏಳು. ಎಂಟನೆಯದು ಮೂಲೆಯಲ್ಲೇ ಇತ್ತು. ಗುಡ್ಡೆಯ ಅಡಿಯಲ್ಲಿ ಸಿಕ್ಕಿದ್ದು ಚುಕ್ಕಿ. ಪುಕ್ಕವೆಲ್ಲ ಒತ್ತಿ ಚಪ್ಪಟೆಯಾಗಿ, ಉಸಿರಿನ ಪಸೆಗೆ ಒದ್ದೆಯಾಗಿ, ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಹೆದರಿದ ಮರಿಗಳು ಮೂಲೆಗೆ ನುಗ್ಗುತ್ತವೆ. ಮೂಲೆಯಿಂದ ಆಚೆ ದಾರಿ ಇಲ್ಲ. ಹಿಂದಿನವು ಮುಂದಿನವುಗಳ ಮೇಲೆ ಹತ್ತುತ್ತವೆ, ಅಡಿಯಲ್ಲಿದ್ದದ್ದು ಉಸಿರುಗಟ್ಟಿ ಸಾಯುತ್ತದೆ. ಇನ್ನು ಹತ್ತು ನಿಮಿಷ "ತಾವೇ ಸುಮ್ಮನಾಗುತ್ತವೆ ಬಿಡು" ಅಂತ ಮನೆಯೊಳಗೆ ಕೂತಿದ್ದರೆ ಚುಕ್ಕಿ ಇರುತ್ತಿರಲಿಲ್ಲ. ಅಂಗೈಯಲ್ಲಿ ಇಟ್ಟುಕೊಂಡು ತುಸು ಹೊತ್ತು ಕೂತೆ. ಕಾಲು ಆಡಿಸಿತು. ಆಮೇಲೆ ನನ್ನ ಬೆರಳನ್ನೇ ಕುಕ್ಕಿತು. ಸರಿ, ಬದುಕಿದೆ ಅಂದುಕೊಂಡೆ. ಮೊದಲು ಮಾಡಿದ ಕೆಲಸ ಎಂದರೆ ಒಣಹುಲ್ಲು ತಂದು ನಾಲ್ಕೂ ಮೂಲೆಗಳಿಗೆ ತುರುಕಿ ದುಂಡಗೆ ಮಾಡಿದ್ದು.

ಆಮೇಲೆ ಸ್ಟೂಲ್ ಹಾಕಿಕೊಂಡು ಗೂಡಿನ ಬಾಗಿಲಲ್ಲಿ ಕೂತೆ. ಟಾರ್ಚಿಗೆ ಬಟ್ಟೆ ಸುತ್ತಿ ಮಾಡಿಗೆ ನೇತುಹಾಕಿದೆ. ಮಸುಕು ಬೆಳಕು. ಮರಿಗಳ ದನಿ ಬದಲಾಯಿತು. ಕೋಳಿಮರಿಯ ಸದ್ದು ಚಿಂವ್ ಚಿಂವ್ ಅಂತ ನಾವು ಸುಮ್ನೆ ಒಂದೇ ಮಾತಲ್ಲಿ ಹೇಳಿಬಿಡುತ್ತೇವೆ. ಅದರಲ್ಲಿ ಎರಡಿವೆ. ಗಾಬರಿಯಾದಾಗಿನ ಕೂಗು ಜೋರು, ಉದ್ದ, ಪ್ರತಿ ಸಲವೂ ಮೇಲಿನ ಸ್ವರದಿಂದ ಕೆಳಕ್ಕೆ ಬೀಳುತ್ತದೆ. ನೆಮ್ಮದಿಯ ಸದ್ದು ಮೆತ್ತಗೆ, ಚಿಕ್ಕದು, ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಆ ರಾತ್ರಿ ನಾನು ಕೂತು ಕೇಳಿದ್ದು ಇದನ್ನೇ. ಬೀಳುವ ಸ್ವರಗಳು ಒಂದೊಂದಾಗಿ ಏರುವ ಸ್ವರಗಳಾದವು. ಬಟ್ಟೆಯನ್ನು ಇನ್ನೊಂದು ಸುತ್ತು ಸುತ್ತಿದರೆ ಯಾವುದೋ ಒಂದು ಮರಿ ಮತ್ತೆ ಬೀಳುವ ಸ್ವರಕ್ಕೆ ಹೋಗುತ್ತಿತ್ತು. ಬಿಚ್ಚುತ್ತಿದ್ದೆ.

ನಮ್ಮವರು ಒಂದು ಸಲ ಬಂದು ನೋಡಿ, "ನಾಳೆಯಿಂದ ಜೋಗುಳ ಬೇರೆ ಹಾಡಬೇಕಾ?" ಅಂತ ಕೇಳಿ ಹೋದರು. ಸ್ವಲ್ಪ ಹೊತ್ತಿಗೆ ಒಂದು ಶಾಲು ತಂದು ಕೊಟ್ಟರು ಅನ್ನುವುದನ್ನೂ ಹೇಳಿಬಿಡಬೇಕು.

ಅಲ್ಲಿ ಕೂತಾಗ ಯೋಚಿಸಲು ಬೇಕಾದಷ್ಟು ಹೊತ್ತಿತ್ತು. ತಾಯಿಕೋಳಿಯ ಹತ್ತಿರ ಬೆಳೆಯುವ ಮರಿಯ ದಿನ ಹೇಗಿರುತ್ತದೆ? ಹೊರಗೆ ಬೆಳಕು, ಹೊರಗೆ ಚಳಿ. ಚಳಿಯಾದಾಗ ತಾಯಿಯ ಹೊಟ್ಟೆಯ ಅಡಿಗೆ ನುಗ್ಗುತ್ತದೆ. ಅಲ್ಲಿ ಬಿಸಿ, ಅಲ್ಲಿ ಕತ್ತಲೆ. ಕತ್ತಲೆ ಮತ್ತು ಬಿಸಿ ಅದಕ್ಕೆ ಒಂದೇ ಜಾಗದಲ್ಲಿ ಸಿಗುತ್ತವೆ. ದಿನಕ್ಕೆ ಎಷ್ಟೋ ಸಲ ಅದು ಕತ್ತಲೆಗೆ ಹೋಗಿ ಬರುತ್ತದೆ, ತನ್ನ ಇಷ್ಟದಿಂದ. ರಾತ್ರಿಯಾಗುವುದು ಅಂದರೆ ಅಂಥದ್ದೇ ಇನ್ನೊಂದು ಸಲ, ಸ್ವಲ್ಪ ಉದ್ದ.

ನಾನು ಕಾವುದೀಪ ಹಚ್ಚಿ ಈ ಜೋಡಿಯನ್ನು ತಿರುಗಿಸಿ ಇಟ್ಟುಬಿಟ್ಟಿದ್ದೆ. ನನ್ನ ಮರಿಗಳಿಗೆ ಬಿಸಿ ಬರುವುದು ಬೆಳಕಿನಿಂದ. ಬೆಳಕು ಇಲ್ಲ ಅಂದರೆ ಬಿಸಿ ಇಲ್ಲ. ಬಿಸಿ ಇಲ್ಲ ಅಂದರೆ ತಾಯಿ ಇಲ್ಲ. ಆ ರಾತ್ರಿ ಅವು ಅರಚಿದ್ದು ಮೈಗೆ ಚಳಿಯಾಗಿ ಅಲ್ಲ, ಇನ್ನೇನು ಚಳಿಯಾಗುತ್ತದೆ ಅಂತ. ಹೀಗಂತ ಮರಿಗಳೇನೂ ನನಗೆ ಹೇಳಲಿಲ್ಲ. ಆದರೆ ಬಿಸಿಯೇ ಇಲ್ಲದ ಟಾರ್ಚಿನ ಬೆಳಕಿಗೆ ಮೈ ಸಡಿಲಿಸಿ ಕೂತದ್ದಕ್ಕೆ ಬೇರೆ ಅರ್ಥ ನನಗೆ ಸಿಕ್ಕಿಲ್ಲ.

ಆಮೇಲೆ ತಿಳಿದದ್ದು, ಸಾವಿರಗಟ್ಟಲೆ ಮರಿ ಸಾಕುವ ಫಾರ್ಮ್‌ಗಳಲ್ಲಿ ಇದು ಮಾಮೂಲಿ ಸಂಗತಿ. ಅಲ್ಲಿ ಮೊದಲ ದಿನಗಳಲ್ಲಿ 23 ಗಂಟೆ ಬೆಳಕು ಕೊಟ್ಟರೂ ಒಂದು ಗಂಟೆ ಬೇಕೆಂದೇ ಕತ್ತಲೆ ಮಾಡುತ್ತಾರೆ. ಯಾವತ್ತೋ ಕರೆಂಟ್ ಹೋದರೆ ಮರಿಗಳು ಗಾಬರಿಬಿದ್ದು ಒಂದರ ಮೇಲೊಂದು ಬಿದ್ದು ಸಾಯಬಾರದು ಅಂತ. ಎಂಟು ಮರಿಗಳನ್ನು ಮಕ್ಕಳ ಹಾಗೆ ನೋಡಿಕೊಂಡವಳಿಗೆ ಇದು ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಆ ಆರು ವಾರ ರಾತ್ರಿ ಹೊತ್ತು ಕರೆಂಟ್ ಹೋಗಿರಲಿಲ್ಲ. ಹೋಗಿದ್ದರೆ ಒಳ್ಳೆಯದಿತ್ತು!

ಇದರಲ್ಲಿ ಹೊಟ್ಟೆ ಉರಿಸುವ ವಿಷಯ ಇನ್ನೊಂದಿದೆ. ಮಣ್ಣಿನ ವಿಷಯದಲ್ಲಿ ನಾನು ಸರಿಯಾಗಿ ಯೋಚಿಸಿದ್ದೆ. ಗೂಡಿನ ಮಣ್ಣಿನಲ್ಲಿ ರಕ್ತಭೇದಿ ತರುವ ಪರೋಪಜೀವಿಗಳು ಇರುತ್ತವೆ. ಕಾಕ್ಸಿಡಿಯಾ ಅಂತಾರೆ. ಶುದ್ಧವಾದ ಪೆಟ್ಟಿಗೆಯಲ್ಲಿ ಬೆಳೆದ ಮರಿಯನ್ನು ಒಮ್ಮೆಲೇ ಒದ್ದೆ ಮಣ್ಣಿಗೆ ಬಿಟ್ಟರೆ ಅವು ಕರುಳಿನಲ್ಲಿ ಹೆಚ್ಚಿ ಮರಿ ಕುಗ್ಗಿ ಕೂರುತ್ತದೆ, ಹಿಕ್ಕೆಯಲ್ಲಿ ರಕ್ತ ಬರುತ್ತದೆ. ಅದಕ್ಕೆ ಮೂರನೇ ವಾರದಿಂದಲೇ ಗೂಡಿನ ಅಂಗಳದ ಹುಲ್ಲು ಸಮೇತದ ಮಣ್ಣಿನ ಹೆಂಟೆಯನ್ನು ಪೆಟ್ಟಿಗೆಯಲ್ಲಿ ಇಡುತ್ತಿದ್ದೆ. ಕೆದರಲಿ, ಸ್ವಲ್ಪ ಸ್ವಲ್ಪವೇ ಹೊಟ್ಟೆಗೆ ಹೋಗಲಿ, ಮೈ ಒಗ್ಗಿಕೊಳ್ಳಲಿ ಅಂತ. ಹುಲ್ಲು ತಿಂದರೆ ಅರೆಯಲು ಬೇಕು ಅಂತ ಸಣ್ಣ ಹರಳನ್ನೂ ಇಟ್ಟಿದ್ದೆ. ಸಾಗಿಸಿದ ಎರಡನೇ ವಾರ ಒಂದು ಮರಿ ಪುಕ್ಕ ಕೆದರಿಕೊಂಡು ಕಣ್ಣು ಮುಚ್ಚಿ ನಿಂತಿತು. ಆದರೆ ರಕ್ತ ಕಾಣಲಿಲ್ಲ. ಪಶುವೈದ್ಯರು ಹೇಳಿದ ಆಂಪ್ರೋಲಿಯಂ ಅನ್ನುವ ಔಷಧಿ ನೀರಿನಲ್ಲಿ ಕೊಟ್ಟೆ, ನೆಲದ ಹೊಟ್ಟು ಒಣಗಿದ್ದು ಹಾಕಿದೆ, ನಾಲ್ಕನೇ ದಿನಕ್ಕೆ ಸರಿಹೋಯಿತು. ಅಂದರೆ ಮಣ್ಣನ್ನು ಚೂರು ಚೂರಾಗಿ ಕೊಡುವ ಬುದ್ಧಿ ಇದ್ದವಳು ಕತ್ತಲೆಯನ್ನು ಮಾತ್ರ ಒಂದೇ ಸಲಕ್ಕೆ ತಲೆ ಮೇಲೆ ಸುರಿದಿದ್ದೆ.

ಕತ್ತಲೆ ಕಲಿಯಲು ಐದು ರಾತ್ರಿ ಬೇಕಾಯಿತು. ಪ್ರತಿ ರಾತ್ರಿ ಬಟ್ಟೆಯ ಸುತ್ತು ಹೆಚ್ಚು. ಮೂರನೆಯ ರಾತ್ರಿ ಟಾರ್ಚನ್ನು ಗೂಡಿನ ಹೊರಗೆ ನೇತುಹಾಕಿದೆ. ಐದನೆಯ ರಾತ್ರಿ ಆರಿಸಿ ಕೂತೆ. ಎರಡು ಮರಿ ಕೂಗಿದವು. ಬೀಳುವ ಸ್ವರ. ಮೂರು, ನಾಲ್ಕು ಸಲ. ಆಮೇಲೆ ಬರೀ ಹೊಟ್ಟು ಸರಿದಾಡುವ ಸದ್ದು.

ಉಳಿದದ್ದು ನಿಧಾನಕ್ಕೆ ಕೂಡಿ ಬಂತು. ಮೊದಲ ವಾರ ಹೊರಗೆ ಬಿಡದೆ ಗೂಡು ಮತ್ತು ಅದರ ಪುಟ್ಟ ಅಂಗಳದಲ್ಲೇ ಇಟ್ಟೆ. ಮನೆ ಯಾವುದು ಅಂತ ಅವಕ್ಕೆ ಗಟ್ಟಿಯಾಗಲು ಅಷ್ಟು ದಿನ ಬೇಕು. ಆಮೇಲೆ ಸಂಜೆ ಒಂದು ಗಂಟೆ ಮಾತ್ರ, ಹೊಟ್ಟೆ ಅರ್ಧ ಹಸಿದಿರುವಾಗ ಬಿಟ್ಟು, ಮೇವಿನ ಡಬ್ಬಿ ಅಲ್ಲಾಡಿಸಿ ಕರೆದೆ. ಬಂದವು. ಅಡ್ಡಗೋಲನ್ನು ಮಾತ್ರ ಕಣ್ಣೆತ್ತಿಯೂ ನೋಡಲಿಲ್ಲ. ಕೋಳಿಯ ಪೂರ್ವಜ ಕಾಡುಕೋಳಿ ರಾತ್ರಿ ಮರ ಹತ್ತಿ ಕೂರುತ್ತದೆ. ನನ್ನವು ನೆಲದಲ್ಲೇ ಮುದ್ದೆಯಾಗಿ ಮಲಗಿದವು. ಎತ್ತಿ ಕೂರಿಸಿದರೆ ದಡಕ್ಕನೆ ಇಳಿದವು. ಎರಡನೇ ವಾರದ ಕೊನೆಗೆ ಒಂದು ಬೂದು ಹ್ಯಾಟೆ ತಾನಾಗಿ ಹತ್ತಿ ಕೂತಿತು. ಅದಕ್ಕೆ ಬೂದಿ ಅಂತ ಹೆಸರು. ಮಾರನೇ ದಿನ ಮೂರು. ನಾಲ್ಕನೇ ದಿನ ಜಾಗಕ್ಕೆ ಜಗಳ.

ದೊಡ್ಡ ಹೇಂಟೆಗಳ ಜೊತೆ ಸೇರಿಸಿದ್ದು ಮೂರು ವಾರ ಜಾಲರಿಯ ಆಚೆ ಈಚೆ ಇದ್ದ ಮೇಲೆ. ಯಾರು ಯಾರನ್ನು ಕುಕ್ಕಬಹುದು ಅನ್ನುವ ಮೇಲು ಕೀಳಿನ ಸಾಲು ಕೋಳಿಗಳಲ್ಲಿದೆ ಅಂತ ಮೊದಲು ವಿವರವಾಗಿ ಬರೆದವರು ನಾರ್ವೆಯ ಥೋರ್ಲೀಫ್ ಶೆಲ್ಡರುಪ್ ಎಬ್ಬೆ, ಸುಮಾರು 1921ರಲ್ಲಿ. ಅವರು ಚಿಕ್ಕ ಹುಡುಗನಾಗಿದ್ದಾಗಿನಿಂದ ಕೋಳಿಗಳನ್ನು ನೋಡುತ್ತ ಕೂತವರಂತೆ. ಹಾಗೆ ಕೂರುವುದರಲ್ಲಿ ಏನು ರುಚಿ ಇದೆ ಅಂತ ಸ್ಟೂಲಿನ ಮೇಲೆ ಕೂತ ನನಗೆ ಅರ್ಥವಾಗುತ್ತದೆ. ಜಾಲರಿಯ ಬುಡದಲ್ಲಿ ಅಂಗೈ ಅಗಲದ ಒಂದು ಸಂದಿ ಬಿಟ್ಟೆ. ಮರಿ ತೂರಬಹುದು, ದೊಡ್ಡದು ತೂರಲಾಗದು. ಅಟ್ಟಿಸಿಕೊಂಡು ಬಂದರೆ ಓಡಿ ಒಳಗೆ ಸೇರಿಕೊಳ್ಳಲಿ ಅಂತ. ಮೇವಿನ ತಟ್ಟೆ, ನೀರು ಎರಡೆರಡು ಕಡೆ. ಮೊಟ್ಟೆ ಇಡುವ ಕೋಳಿಯ ಮೇವಿನಲ್ಲಿ ಸುಣ್ಣದ ಅಂಶ ಜಾಸ್ತಿ, ಅದು ಬೆಳೆಯುವ ಮರಿಯ ಮೂತ್ರಪಿಂಡಕ್ಕೆ ಕೆಟ್ಟದ್ದು. ಹಾಗಾಗಿ ಎಲ್ಲಕ್ಕೂ ಮರಿಗಳ ಮೇವೇ ಹಾಕಿ, ದೊಡ್ಡವಕ್ಕೆ ಚಿಪ್ಪಿನ ಪುಡಿ ಬೇರೆ ಬಟ್ಟಲಲ್ಲಿ ಇಟ್ಟೆ. ಎಂಟರಲ್ಲಿ ಎರಡು ಹುಂಜ ಅಂತ ಆಗಲೇ ಗೊತ್ತಾಗಿತ್ತು, ಜುಟ್ಟು ಕೆಂಪಾಗಿ ಉಬ್ಬಿತ್ತು. ಅವನ್ನು ಬೇರೆಯವರಿಗೆ ಕೊಟ್ಟೆವು. ಉಳಿದದ್ದು ಆರು ಹ್ಯಾಟೆ.

ಮುಂದಿನ ವರ್ಷ ಬೂದಿ ಕಾವಿಗೆ ಕೂತಿತು. ಬ್ಯಾಂಟಮ್‌ಗಳಿಗೆ ಕಾವಿನ ಹುಚ್ಚು ಜಾಸ್ತಿ. ಕೋಳಿಮೊಟ್ಟೆ ಒಡೆಯಲು 21 ದಿನ ಅನ್ನುತ್ತಾರೆ. ಬ್ಯಾಂಟಮ್ ಮೊಟ್ಟೆ ಒಂದು ದಿನ ಮೊದಲೇ ಒಡೆಯುವುದುಂಟು, ಬೂದಿಯವು 20ನೇ ದಿನ ಒಡೆದವು. ಐದು ಮರಿ. ನನಗೆ ಸಣ್ಣ ಆತಂಕ ಇತ್ತು. ಬೂದಿ ತಾಯಿಯನ್ನೇ ಕಾಣದೆ ಕೆಂಪು ದೀಪದ ಕೆಳಗೆ ಬೆಳೆದದ್ದು. ಮರಿಗಳಿಗೆ ಏನು ಕಲಿಸೀತು?

ಸಂಜೆಯಾಗುತ್ತಿದ್ದ ಹಾಗೆ ಅದು ಗಂಟಲೊಳಗೇ ಕೊಕ್, ಕೊಕ್ ಅಂತ ತಗ್ಗಿದ ದನಿಯಲ್ಲಿ ಕರೆಯಿತು. ಮೈಯನ್ನು ಅಗಲ ಮಾಡಿ ಕೂತಿತು. ಮರಿಗಳು ಒಂದೊಂದಾಗಿ ಒಳಗೆ ಹೋದವು. ಕೊನೆಯದು ರೆಕ್ಕೆಯ ಸಂದಿಯಿಂದ ಒಂದು ಸಲ ತಲೆ ಹಾಕಿ ನೋಡಿ, ತಾನೇ ಒಳಗೆಳೆದುಕೊಂಡಿತು. ನಾನು ನೋಟ್‌ಬುಕ್ ತೆಗೆಯಲಿಲ್ಲ.

ಐದನೇ ವಾರದ ಒಂದು ಸಂಜೆ ಬೂದಿ ನೆಲದಲ್ಲಿ ಕೂರಲಿಲ್ಲ. ನೇರ ಅಡ್ಡಗೋಲಿಗೆ ಹಾರಿತು. ಮರಿಗಳು ಕೆಳಗೆ ನಿಂತು ಕತ್ತು ಮೇಲೆತ್ತಿ ಅರಚಿದವು. ಅದೇ ಬೀಳುವ ಸ್ವರ. ನಾನು ಬಾಗಿಲಲ್ಲೇ ಇದ್ದೆ. ಬೂದಿ ಒಮ್ಮೆ ಕೆಳಗೆ ನೋಡಿತು, ಪುಕ್ಕ ಉಬ್ಬಿಸಿ ಕಣ್ಣು ಮುಚ್ಚಿತು. ಕರೆಯಲೂ ಇಲ್ಲ, ಇಳಿಯಲೂ ಇಲ್ಲ. ಎಷ್ಟು ಕಲ್ಲೆದೆ ಅನ್ನಿಸಿತು. ಕಾಲು ಗಂಟೆಗೆ ಎರಡು ಮರಿ ಹಾರಿ ಅದರ ಎರಡೂ ಪಕ್ಕ ಸೇರಿಕೊಂಡವು. ಉಳಿದ ಮೂರು ನೆಲದಲ್ಲೇ ಒತ್ತಿಕೊಂಡು ಮಲಗಿದವು. ಮೂಲೆಗೆ ನುಗ್ಗಲಿಲ್ಲ.

ಈಗ ಗೂಡಿನಲ್ಲಿ ಎರಡೂ ತಂಡ ಒಟ್ಟಿಗೇ ಇವೆ. ರಾತ್ರಿ ಎಣಿಸಲು ಟಾರ್ಚ್ ಹಿಡಿದು ಹೋದರೆ ಬೂದಿಯ ಮರಿಗಳು ಕತ್ತನ್ನು ಇನ್ನಷ್ಟು ಒಳಗೆ ಎಳೆದುಕೊಳ್ಳುತ್ತವೆ. ಹಳೆಯವು ಎದ್ದು ನಿಲ್ಲುತ್ತವೆ. ಚುಕ್ಕಿಯಂತೂ ಕೆಳಕ್ಕೆ ಹಾರಿ, ಬೆಳಕು ಬಿದ್ದ ಜಾಗದಲ್ಲಿ ರೆಕ್ಕೆ ಸಡಿಲಿಸಿ ಕೂತುಬಿಡುತ್ತದೆ. ಮೊಟ್ಟೆ ಇಡುವ ಹೇಂಟೆ ಅದು ಈಗ. ಎತ್ತಿ ಮತ್ತೆ ಗೋಲಿನ ಮೇಲೆ ಕೂರಿಸಬೇಕು.

ಅದಕ್ಕೆ ಟಾರ್ಚ್ ಒಯ್ಯುವುದನ್ನು ಬಿಟ್ಟಿದ್ದೇನೆ. ಬಾಗಿಲು ತೆಗೆದು, ಕತ್ತಲಲ್ಲೇ ಗೋಲಿನ ಉದ್ದಕ್ಕೆ ಬೆನ್ನುಗಳ ಮೇಲೆ ಕೈಯಾಡಿಸಿ ಎಣಿಸುತ್ತೇನೆ. ಕಾಲಿಗೆ ಪುಕ್ಕ ಇರುವವು, ಇಲ್ಲದವು, ಕೊನೆಯಲ್ಲಿ ಎಲ್ಲಕ್ಕಿಂತ ಸಣ್ಣದು.